ಹೆಸರಿನ ಪಕ್ಕದ ಅರಿಶಿನ

ಯಾರ ಮನೆಯ ಲಗ್ನಪತ್ರಿಕೆ ಕೈಗೆ ಬಂದರೂ ನಾನು ಮೊದಲು ನೋಡುವುದು ಮುಹೂರ್ತವನ್ನಲ್ಲ, ಛತ್ರದ ವಿಳಾಸವನ್ನೂ ಅಲ್ಲ. ಹೆಸರುಗಳ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಕೂತಿರುವ ಡಿಗ್ರಿಗಳನ್ನು. ವರ ಬಿ.ಇ., ವಧು ಎಂ.ಕಾಂ., ವಧುವಿನ ತಮ್ಮ ಡಿಪ್ಲೊಮಾ, ಸೋದರಮಾವ ಬಿ.ಎ., ಹೀಗೆ ಎಲ್ಲರ ಓದನ್ನೂ ಒಂದು ಸುತ್ತು ವಿಚಾರಿಸಿಕೊಂಡ ಮೇಲೆಯೇ ಊಟ ಎಷ್ಟು ಹೊತ್ತಿಗೆ ಎಂದು ಹುಡುಕುತ್ತೇನೆ. ಇದೇನೂ ಒಳ್ಳೆಯ ಅಭ್ಯಾಸವಲ್ಲ, ನನಗೂ ಗೊತ್ತು. ಮೊನ್ನೆ ನಮ್ಮ ಬೀದಿಯ ಕೊನೆಮನೆಯವರು ಪತ್ರಿಕೆ ಕೊಟ್ಟು, ಎಲ್ಲರೂ ಬರಲೇಬೇಕು ಎಂದು ಒತ್ತಾಯ ಮಾಡುತ್ತಿರುವಾಗಲೇ ನನ್ನ ಕಣ್ಣು ಕೆಳಗಿನ ಸಾಲಿಗೆ ಜಾರಿತ್ತು. ‘ಕು. ಭವ್ಯ, ಎಂ.ಎಸ್ಸಿ.’ ಎಂದಿತ್ತು. ಪಾಪ, ಇನ್ನೊಬ್ಬಳು ಸೇರಿಕೊಂಡಳು ಎಂದುಕೊಂಡೆ. ಮದುವೆಗೆ ಕರೆಯಲು ಬಂದವರ ಎದುರು ಮುಖ ಸಪ್ಪಗೆ ಮಾಡಿದ್ದಕ್ಕೆ ಆಮೇಲೆ ಅಮ್ಮನಿಂದ ಬೈಸಿಕೊಂಡೆ.

ಈ ಡಿಗ್ರಿ ಓದುವ ಚಟ ಚಿಕ್ಕಂದಿನದು. ನಮ್ಮೂರು ಶ್ರೀನಿವಾಸಪುರದಿಂದ ಗೌನಿಪಲ್ಲಿಗೆ ಹೋಗುವ ದಾರಿಯಲ್ಲಿ, ಎರಡೂ ಕಡೆ ಮಾವಿನ ತೋಪುಗಳ ನಡುವೆ ಇದೆ. ಮನೆಯಲ್ಲಿ ನಡುಮನೆಯ ಮೊಳೆಗೆ ಒಂದು ಪ್ಲಾಸ್ಟಿಕ್ ಚೀಲ ನೇತಾಡುತ್ತಿತ್ತು. ಊರವರ, ನೆಂಟರ ಮದುವೆ ಪತ್ರಿಕೆಗಳೆಲ್ಲ ಅದರೊಳಗೆ. ಗಣಪತಿ ಇರುವ ಕಾಗದವನ್ನು ಬಿಸಾಡಬಾರದು ಎಂದು ಅಮ್ಮನ ಕಟ್ಟುನಿಟ್ಟು. ಹಾಗಾಗಿ ಗಣಪತಿಗಳನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುವ ಕೆಲಸ ನನ್ನದು, ಮಿಕ್ಕ ಕಾಗದದ ಬೆನ್ನಿಗೆ ಲೆಕ್ಕ ಬಿಡಿಸುವ ಕೆಲಸ ಅಣ್ಣ ಹರೀಶನದು. ನಮ್ಮ ಚಿಕ್ಕಪ್ಪನ ಪತ್ರಿಕೆಯಲ್ಲಿ ಅವರ ಹೆಸರಿನ ಮುಂದೆ ‘ಎಸ್.ಎಸ್.ಎಲ್.ಸಿ.’ ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದರು. ಶಾಲೆಯ ಹಾಜರಿ ಪುಸ್ತಕದಲ್ಲಿ ಯಾರಿಗೂ ಇಲ್ಲದ ಈ ಅಕ್ಷರಗಳು ಮದುವೆಯ ಪತ್ರಿಕೆಯಲ್ಲಿ ಮಾತ್ರ ಎಲ್ಲಿಂದ ಬರುತ್ತವೆ ಎಂದು ನಾನು ತುಂಬಾ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ, ಮದುವೆಯ ದಿನ ಹುಡುಗಿಗೆ ತಾಳಿ ಕಟ್ಟುವ ಹಾಗೆ ಇವನ್ನೂ ಯಾರೋ ಹಿರಿಯರು ಹೆಸರಿಗೆ ಕಟ್ಟುತ್ತಾರೆ ಎಂದು ತೀರ್ಮಾನಿಸಿದೆ. ಆರನೇ ಕ್ಲಾಸಿನವರೆಗೂ ಅದನ್ನೇ ನಂಬಿದ್ದೆ. ನನಗೆ ನಾಲ್ಕೈದು ಅಕ್ಷರ ಕಟ್ಟಿಸುವ ಗಂಡೇ ಬೇಕು ಎಂದು ಅಜ್ಜಿಯ ಹತ್ತಿರ ಹೇಳಿದ್ದೂ ಉಂಟು.

ಅಮ್ಮ ಓದಿದ್ದು ಏಳನೇ ಕ್ಲಾಸು. ಅಪ್ಪ ಬಸ್ ಕಂಡಕ್ಟರ್. ಮೂರು ಹಸು ಸಾಕಿ, ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಿ ನನ್ನನ್ನು ಓದಿಸಿದ್ದು ಮಾತ್ರ ಅಮ್ಮನೇ. ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ವರ್ಷವೇ ದೊಡ್ಡಪ್ಪನ ಮಗಳ ಮದುವೆ ಬಂತು. ಅಮ್ಮ ತಾನೇ ಶ್ರೀನಿವಾಸಪುರದ ಪ್ರೆಸ್ಸಿಗೆ ಹೋಗಿ, ‘ಮಂಜುಳ’ ಎಂಬ ನನ್ನ ಹೆಸರಿನ ಮುಂದೆ ಎಂ.ಎಸ್ಸಿ. ಸೇರಿಸಿ ಬಂದಳು. ಪತ್ರಿಕೆ ಅಚ್ಚಾಗಿ ಬಂದಾಗ ಅವಳದು ಒಂದೇ ತಕರಾರು, ಅಕ್ಷರ ಸಣ್ಣದಾಯಿತು ಎಂದು.

ಅಕ್ಷರ ಸಣ್ಣದಾದರೂ ಸುದ್ದಿ ದೊಡ್ಡದಾಯಿತು. ಸಸ್ಯಶಾಸ್ತ್ರ ಓದಿದವಳು ಮಾವಿನ ಸೀಮೆಯಲ್ಲಿ ಮನೆಯಲ್ಲಿ ಕೂತಿದ್ದಾಳೆ ಎಂದರೆ ಜನ ಸುಮ್ಮನೆ ಬಿಡುತ್ತಾರೆಯೆ? ಪಕ್ಕದ ತೋಪಿನ ತಾತ ಒಂದು ಗೊಂಚಲು ಒಣಗಿದ ಹೂವು ಹಿಡಿದು ಬಂದರು. “ಯಾಕಮ್ಮ ಹಿಂಗೆ ಉದುರ್ತದೆ?” ಎಂದರು. ನಾನು ಬಾಯಿಗೆ ಬಂದದ್ದನ್ನು, ಎಂದರೆ ಪರೀಕ್ಷೆಗೆ ಬಾಯಿಪಾಠ ಮಾಡಿದ್ದನ್ನು, ಹೇಳಿದೆ. ಮಾವು ಅನಕಾರ್ಡಿಯೇಸಿ ಎಂಬ ಕುಟುಂಬಕ್ಕೆ ಸೇರಿದೆ ತಾತ, ಗೇರೂ ಅದೇ ಕುಟುಂಬ ಎಂದೆ. ತಾತ ನನ್ನನ್ನು ಸ್ವಲ್ಪ ಹೊತ್ತು ನೋಡಿ, “ಅದರ ಮನೆತನ ಕಟ್ಕೊಂಡು ನಂಗೇನಮ್ಮ? ಔಷಧಿ ಏನು ಹೊಡೀಲಿ ಹೇಳು” ಎಂದರು. ಹೂವಿಗೆ ಜಿಗಿಹುಳು ಹತ್ತಿದೆ ಎಂದು ಆಮೇಲೆ ಅವರೇ ಔಷಧದ ಅಂಗಡಿಯಲ್ಲಿ ಕೇಳಿ ತಿಳಿದುಕೊಂಡು ಬಂದು, ನನಗೂ ಒಂದು ಮಾತು ಹೇಳಿ ಹೋದರು. ಪಾಠ ಹೇಳಿಸಿಕೊಂಡ ಮೇಲೆ ನಾನು ಅವರಿಗೆ ಕಾಫಿ ಕೊಟ್ಟೆ.

ಇನ್ನು ಕೆಲಸದ ವಿಷಯ. ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡಬೇಕಾದರೆ ಎಂ.ಎಸ್ಸಿ.ಯ ಮೇಲೆ ಇನ್ನೊಂದು ಪರೀಕ್ಷೆ ಪಾಸಾಗಬೇಕು. ಅದನ್ನು ಎರಡು ಸಲ ಬರೆದು ಎರಡು ಸಲವೂ ಕೂದಲೆಳೆಯಲ್ಲಿ ಫೇಲಾದೆ. ಹೈಸ್ಕೂಲಿಗೆ ಬಿ.ಎಡ್. ಬೇಕು, ಅದು ನನ್ನ ಹತ್ತಿರ ಇಲ್ಲ. ಮುಳಬಾಗಿಲಿನ ಒಂದು ಖಾಸಗಿ ಕಾಲೇಜಿನವರು ಸಂದರ್ಶನಕ್ಕೆ ಕರೆದರು. ಮೂರು ಜನ ಕೂತಿದ್ದರು. ಹತ್ತು ನಿಮಿಷ ಬೋರ್ಡಿನ ಮೇಲೆ ಎಲೆಯ ಚಿತ್ರ ಬರೆದು, ಅದು ಬಿಸಿಲಿನಿಂದ ಊಟ ಮಾಡಿಕೊಳ್ಳುವ ಬಗೆಯನ್ನು ಚೆನ್ನಾಗಿಯೇ ವಿವರಿಸಿದೆ. ನಡುವೆ ಕೂತಿದ್ದ ಹಿರಿಯರು ತಲೆದೂಗಿ, “ಎಲ್ಲಾ ಸರಿ. ಮದುವೆ ಯಾವಾಗಮ್ಮ?” ಎಂದರು. ಇನ್ನೂ ಏನೂ ಇಲ್ಲ ಸಾರ್ ಎಂದೆ. “ಅದೇ ನೋಡು. ವರ್ಷದ ನಡುವೆ ಮದುವೆ ಮಾಡ್ಕೊಂಡು ಹೊರಟ್ರೆ ಮಕ್ಕಳ ಗತಿ?” ಎಂದು, ನಾನು ಆಗಲೇ ಓಡಿಹೋದವಳ ಹಾಗೆ ಬೇಸರ ಮಾಡಿಕೊಂಡರು.

ಮಾಲೂರಿನ ಒಂದು ನರ್ಸರಿಯವರದು ಇನ್ನೊಂದು ಥರ. ಸಸಿ ಬೆಳೆಸುವ ಜಾಗ, ನನಗೆ ಹೇಳಿ ಮಾಡಿಸಿದ್ದು ಎಂದುಕೊಂಡು ಹೋದೆ. ಮಾಲೀಕರು ನನ್ನ ಅಂಕಪಟ್ಟಿಗಳನ್ನೆಲ್ಲ ಒಂದೊಂದಾಗಿ ತಿರುವಿ ಹಾಕಿ, “ತುಂಬಾ ಓದಿಬಿಟ್ಟಿದ್ದೀರಮ್ಮ. ನಿಮಗೆ ಮಣ್ಣಿನ ಬುಟ್ಟಿ ಎತ್ತು ಅಂತ ನಾನು ಹೆಂಗೆ ಹೇಳ್ಲಿ?” ಎಂದರು. “ಹೇಳಿ ಸಾರ್, ಎತ್ತುತೀನಿ” ಎಂದೆ. ಅವರಿಗೆ ಮುಜುಗರವಾಯಿತು. ಕೆಲಸ ಕೊಡಲಿಲ್ಲ, ಒಂದು ಗುಲಾಬಿ ಗಿಡ ಕೊಟ್ಟು ಕಳಿಸಿದರು. ಮಾಲೂರಿನಿಂದ ಕೋಲಾರಕ್ಕೆ, ಕೋಲಾರದಿಂದ ಶ್ರೀನಿವಾಸಪುರಕ್ಕೆ ಎರಡು ಬಸ್ಸಿನಲ್ಲಿ ಆ ಗಿಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಗಿಡ ಹಿಡಿದು ಬಂದದ್ದು ನೋಡಿ ಅಮ್ಮ ಕೆಲಸ ಆಯಿತೆಂದೇ ತಿಳಿದು ದೇವರಿಗೆ ದೀಪ ಹಚ್ಚಲು ಹೊರಟಿದ್ದಳು. ಅವಳನ್ನು ತಡೆದು ವಿಷಯ ಹೇಳಿದ್ದು ನನ್ನ ಜೀವನದ ಬಲು ಕಷ್ಟದ ಕೆಲಸಗಳಲ್ಲಿ ಒಂದು.

ಹೀಗೆ ಎರಡು ವರ್ಷ ಕಳೆಯಿತು. ಒಬ್ಬರಿಗೆ ನನ್ನ ಓದು ಸಾಲದು, ಇನ್ನೊಬ್ಬರಿಗೆ ಹೆಚ್ಚು. ನಗುತ್ತಾ ಬರೆಯುತ್ತಿದ್ದೇನೆ, ಆದರೆ ಆಗ ನಗು ಬರುತ್ತಿರಲಿಲ್ಲ. ಡೇರಿಯ ಹತ್ತಿರ ಯಾರಾದರೂ ಅಮ್ಮನನ್ನು “ಮಗಳಿಗೆ ಇನ್ನೂ ಏನೂ ಆಗ್ಲಿಲ್ವಾ?” ಎಂದು ಕೇಳಿದರೆ, ಅವಳು ಹಾಲಿನ ಕ್ಯಾನಿನ ಮುಚ್ಚಳ ಸರಿಮಾಡುತ್ತಾ ನಿಲ್ಲುತ್ತಿದ್ದಳು. ಅದನ್ನು ದೂರದಿಂದ ನೋಡಿ ನನಗೆ ಅಳು ಬರುತ್ತಿತ್ತು.

ದಾರಿ ತೋರಿಸಿದವಳು ಶಾಹೀನ್. ಪಿ.ಯು.ಸಿ.ಯಲ್ಲಿ ನನ್ನ ಬೆಂಚಿನವಳು. ಶ್ರೀನಿವಾಸಪುರದಲ್ಲಿ ಅವರದು ತಲೆಮಾರಿನಿಂದ ಮಾವಿನ ಹಣ್ಣಿಗೆ ಮರದ ಪೆಟ್ಟಿಗೆ ಹೊಡೆಯುವ ಮನೆತನ. ಅವಳು ಎಂ.ಕಾಂ. ಮಾಡಿದ್ದಳು. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ, ವೇಮಗಲ್ ಕಡೆಯ ಒಂದು ಕಾರ್ಖಾನೆಗೆ ಹೋಗುತ್ತಿದ್ದೇನೆ ಎಂದಳು.

“ಎಂ.ಕಾಂ. ಅಂತ ತಗೊಂಡ್ರಾ?” ಎಂದು ಕೇಳಿದೆ.

“ಅರೇ, ಹುಚ್ಚೀ! ಡಿಗ್ರಿ ಅಂದ್ರೆ ಗೇಟಲ್ಲೇ ನಿಲ್ಲಿಸ್ತಾರೆ ಕಣೇ. ಓದಿರೋರು ಇವತ್ತು ಬರ್ತಾರೆ, ನಾಳೆ ಬಿಟ್ಟು ಹೋಗ್ತಾರೆ ಅಂತ ಕಾಂಟ್ರಾಕ್ಟರ್‌ಗೆ ಭಯ. ಪಿ.ಯು.ಸಿ. ಮಾರ್ಕ್ಸ್‌ಕಾರ್ಡ್ ಒಂದು ತಗೊಂಡು ಬಾ. ಮಿಕ್ಕಿದ್ದು ಟ್ರಂಕಲ್ಲಿಟ್ಟು ಬೀಗ ಹಾಕು.”

ಹಾಗೇ ಮಾಡಿದೆ. ಅರ್ಜಿ ತುಂಬಿಸಿಕೊಂಡವರು ಪಿ.ಯು.ಸಿ.ಯ ಇಸವಿ ನೋಡಿ, “ಇಷ್ಟು ವರ್ಷ ಏನು ಮಾಡ್ತಿದ್ದೆ?” ಎಂದರು. “ಹಸು ನೋಡ್ಕೊಂತಿದ್ದೆ ಸಾರ್” ಎಂದೆ. ಐದು ವರ್ಷದ ಕಾಲೇಜು, ಲ್ಯಾಬು, ಸೂಕ್ಷ್ಮದರ್ಶಕ, ಪರೀಕ್ಷೆಯ ಮುಂಚಿನ ಜ್ವರಗಳು ಎಲ್ಲವನ್ನೂ ಮೂರು ಹಸುಗಳ ಲೆಕ್ಕಕ್ಕೆ ಬರೆದುಬಿಟ್ಟೆ. ಅವರು ಸರಿ ಎಂದು ಸಹಿ ಹಾಕಿಸಿಕೊಂಡರು. ಆರು ತಿಂಗಳ ಕಾಂಟ್ರಾಕ್ಟು. ಆಮೇಲೆ ತಮಗೆ ಬೇಕಾದವರನ್ನು ಮಾತ್ರ ಮುಂದುವರಿಸುತ್ತಾರೆ.

ವಾಹನಗಳ ಒಳಗೆ ಹೋಗುವ ವೈರುಗಳನ್ನು ಜೋಡಿಸಿ ಕಟ್ಟುವ ಕೆಲಸ ಅದು. ಎದೆಮಟ್ಟದ ಹಲಗೆಯ ಮೇಲೆ ಮೊಳೆಗಳಿರುತ್ತವೆ. ಬಣ್ಣ ಬಣ್ಣದ ವೈರುಗಳನ್ನು ಆ ಮೊಳೆಗಳ ಸುತ್ತ ಸರಿಯಾದ ದಾರಿಯಲ್ಲಿ ಎಳೆದು, ಟೇಪು ಸುತ್ತಿ, ತುದಿಗಳನ್ನು ಒಂದು ಯಂತ್ರಕ್ಕೆ ಚುಚ್ಚಿ ಪರೀಕ್ಷೆ ಮಾಡಬೇಕು. ಕೆಲಸ ಬೇಗ ಹಿಡಿಸಿತು. ಮೊದಲ ದಿನ ಮನೆಗೆ ಬಂದಾಗ ಅಮ್ಮ, ಏನು ಕೆಲಸ ಎಂದು ಕೇಳಿದಳು. ‘ಟೆಸ್ಟಿಂಗ್’ ಎಂದೆ. ಅದೇನೂ ಪೂರ್ತಿ ಸುಳ್ಳಲ್ಲ. “ಅಂದ್ರೆ ಲ್ಯಾಬಲ್ಲಾ?” ಎಂದಳು. ನಾನು ಹ್ಞೂಂ ಎಂದುಬಿಟ್ಟೆ. ಮರುದಿನದಿಂದ ಡೇರಿಯಲ್ಲಿ ಅಮ್ಮ ಯಾರೂ ಕೇಳದಿದ್ದರೂ, ನಮ್ಮ ಹುಡುಗಿ ಲ್ಯಾಬಲ್ಲಿ ಅವ್ಳೆ ಎಂದು ಹೇಳತೊಡಗಿದಳು.

ಹೀಗೆ ಅಮ್ಮನಿಗೆ ಲ್ಯಾಬಿನ ಎಂ.ಎಸ್ಸಿ., ಕಾರ್ಖಾನೆಗೆ ಪಿ.ಯು.ಸಿ. ಎಂದು ಎರಡು ದೋಣಿಯ ಮೇಲೆ ಕಾಲಿಟ್ಟುಕೊಂಡು ಐದು ತಿಂಗಳು ದೂಡಿದ್ದೆ. ಅಷ್ಟರಲ್ಲಿ ಹರೀಶಣ್ಣನ ಮದುವೆ ಗೊತ್ತಾಯಿತು.

ಪತ್ರಿಕೆ ಅಚ್ಚಾಗಿ ಬಂತು. ಕಡುಹಳದಿ ಬಣ್ಣದ ದಪ್ಪ ಕಾಗದ. ಈ ಸಲ ಅಮ್ಮ ಪ್ರೆಸ್ಸಿನವರ ಪಕ್ಕದಲ್ಲೇ ನಿಂತು ಅಕ್ಷರ ದೊಡ್ಡದು ಮಾಡಿಸಿದ್ದಳು. ‘ತಮ್ಮ ಆಗಮನವನ್ನು ಬಯಸುವವರು’ ಎಂಬುದರ ಕೆಳಗೆ ‘ಕು. ಮಂಜುಳ, ಎಂ.ಎಸ್ಸಿ.’ ಎಂಬುದು ಮದುಮಗನ ಹೆಸರಿನಷ್ಟೇ ಎದ್ದು ಕಾಣುತ್ತಿತ್ತು. ಇಪ್ಪತ್ತು ಪತ್ರಿಕೆ ನನ್ನ ಕೈಗಿಟ್ಟು, “ನಿಮ್ಮ ಲ್ಯಾಬಿನ ದೊಡ್ಡೋರಿಗೆ ಮೊದ್ಲು ಕೊಡು” ಎಂದಳು. ನಮ್ಮ ಕಡೆ ಕೆಲಸದ ಜಾಗದಲ್ಲಿ ಪತ್ರಿಕೆ ಕೊಡದೆ ಮದುವೆ ಮಾಡಿದರೆ, ಆಮೇಲೆ ಆ ಜನಕ್ಕೆ ಮುಖ ತೋರಿಸುವಂತಿಲ್ಲ. ಅಣ್ಣನ ಮದುವೆಗೆ ರಜೆಯೂ ಬೇಕಿತ್ತು. ಕೊಡಲೇಬೇಕು.

ಹಿತ್ತಿಲಲ್ಲಿ ಕೂತು ಎಂ.ಎಸ್ಸಿ.ಯ ಮೇಲೆ ವೈಟ್ನರ್ ಬಳಿದೆ. ಹಳದಿ ಕಾಗದದ ಮೇಲೆ ಬೆಳ್ಳಗೆ ಒಂದು ಮಚ್ಚೆ! ಮೊದಲಾದರೆ ಓದುವವರು ಓದುತ್ತಿದ್ದರು, ಈಗ ಓದು ಬಾರದವರೂ ನೋಡುವ ಹಾಗಾಯಿತು. ಏನು ಮಾಡಲಿ ಎಂದು ಒಳಗೆ ಬಂದಾಗ ದೇವರ ಮುಂದಿನ ಅರಿಶಿನದ ಬಟ್ಟಲು ಕಣ್ಣಿಗೆ ಬಿತ್ತು. ಶುಭಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿಯೇ ಕೊಡುವುದು ವಾಡಿಕೆ. ಮೂಲೆಗಳಿಗೆ ಒಂದೊಂದು ಬೊಟ್ಟಿಟ್ಟೆ, ಐದನೆಯ ಬೊಟ್ಟನ್ನು ನೀರು ಬೆರೆಸಿ ಗಟ್ಟಿಯಾಗಿ ಬಿಳಿ ಮಚ್ಚೆಯ ಮೇಲೆ ಒತ್ತಿದೆ. ಕಾಗದದ ಬಣ್ಣಕ್ಕೆ ಸರಿಯಾಗಿ ಕೂತುಬಿಟ್ಟಿತು. ಬಿ.ಎಸ್ಸಿ.ಯಲ್ಲಿ ಕಲಿತ ರಸಾಯನಶಾಸ್ತ್ರ ಮೊದಲ ಸಲ ಉಪಯೋಗಕ್ಕೆ ಬಂತು ಎಂದು ಬೀಗಿದೆ. ಇಪ್ಪತ್ತೂ ಪತ್ರಿಕೆಗಳನ್ನು ಹಾಗೇ ಮಾಡಿದೆ.

ನಮ್ಮ ಲೈನಿನ ಮೇಲ್ವಿಚಾರಕರು ಮುನಿರಾಜು ಎಂಬುವರು. ಐವತ್ತು ದಾಟಿದ ಮನುಷ್ಯ, ವೇಮಗಲ್ಲಿನವರೇ, ಮಾತು ಕಮ್ಮಿ. ಪತ್ರಿಕೆಯನ್ನು ಎಲೆ ಅಡಿಕೆಯ ಜೊತೆ ಅವರ ಕೈಗಿಟ್ಟು ನಮಸ್ಕಾರ ಮಾಡಿದೆ. ಅವರು ಸಾವಕಾಶವಾಗಿ ಬಿಡಿಸಿ ನೋಡಿ, ನನ್ನ ಮುಖ ನೋಡಿ, ಮತ್ತೆ ಪತ್ರಿಕೆ ನೋಡಿ ಹೇಳಿದರು:

“ಏನಮ್ಮ, ಹೆಸರಿಗೇ ಅರಿಶಿನ ಹಚ್ಚವ್ರೆ. ಮದ್ವೆ ನಿಂದಾ, ನಿಮ್ಮಣ್ಣಂದಾ?”

ನಾನು ತಬ್ಬಿಬ್ಬಾಗಿ ನಕ್ಕೆ. ಆ ನಗುವೇ ಕೆಟ್ಟದ್ದು ಮಾಡಿತು. ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಲೈನಿಗೆ ಸುದ್ದಿ: ಅಣ್ಣ ತಂಗಿ ಇಬ್ಬರದೂ ಒಂದೇ ಚಪ್ಪರದಲ್ಲಂತೆ, ಮಂಜುಳ ನಾಚಿಕೆಯಿಂದ ಹೇಳುತ್ತಿಲ್ಲವಂತೆ! ಹುಡುಗ ಚಿಂತಾಮಣಿಯವನು ಎಂದು ಕೂಡ ಯಾರೋ ಗೊತ್ತುಮಾಡಿದ್ದರು. ಎಲ್ಲರೂ ನನ್ನ ಕೆನ್ನೆ ಹಿಂಡಿ ಹೋದರು. ಶಾಹೀನ್ ಮಾತ್ರ ನನ್ನನ್ನು ಕೈತೊಳೆಯುವ ಜಾಗಕ್ಕೆ ಎಳೆದುಕೊಂಡು ಹೋದಳು. ಅವಳ ಮುಖದಲ್ಲಿ ನಗುವಿರಲಿಲ್ಲ.

“ನಾಳೆ ಮುಂದುವರಿಸೋರ ಲಿಸ್ಟ್ ಕಳಿಸ್ತಾರೆ ಕಣೇ. ಮದ್ವೆ ಆಗಿ ಊರು ಬಿಡೋರ ಹೆಸರು ಬರೀಬೇಡಿ ಅಂತ ಕಾಂಟ್ರಾಕ್ಟರ್ ಹೇಳವ್ನೆ. ಹೋಗಿ ನಿಜ ಹೇಳು.”

“ಯಾವ ನಿಜ?” ಎಂದೆ. “ಮದುವೆ ನಂದಲ್ಲ ಅಂದ್ರೆ ಅರಿಶಿನ ಯಾಕೆ ಅಂತಾರೆ. ಅರಿಶಿನ ಯಾಕೆ ಅಂತ ಹೇಳಿದ್ರೆ ಡಿಗ್ರಿ ಹೇಳ್ಬೇಕು.”

ಮದುಮಗಳಾದರೂ ಕೆಲಸ ಹೋಗುತ್ತದೆ, ಎಂ.ಎಸ್ಸಿ. ಆದರೂ ಕೆಲಸ ಹೋಗುತ್ತದೆ. ಯಾವುದೂ ಆಗದೆ ಬರೀ ಮಂಜುಳ ಆಗಿದ್ದರೆ ಮಾತ್ರ ಉಳಿಯುವ ಕೆಲಸ ಅದು. ಮತ್ತೆ ಆ ಎರಡು ವರ್ಷದ ಹಾಗೆ ಮನೆಯಲ್ಲಿ ಕೂರುವುದು ನನ್ನಿಂದಾಗದು. ಒಂದು ತಪ್ಪಿಗೆ ಕೆಲಸ ಹೋಗುವುದೇ ಆದರೆ, ಮಾಡದ ಮದುವೆಗಿಂತ ಮಾಡಿದ ಓದಿಗೇ ಹೋಗಲಿ ಎಂದು ಮೊಂಡು ಧೈರ್ಯ ಮಾಡಿದೆ.

ಮುನಿರಾಜು ಅವರು ಮೇಜಿನ ಮುಂದೆ ಪಟ್ಟಿ ಬರೆಯುತ್ತಿದ್ದರು. ನಾನು ನೇರ ಹೋಗಿ, “ಸಾರ್, ಮದುವೆ ನಂದಲ್ಲ” ಎಂದೆ. “ಮತ್ತೆ ಇದು?” ಎಂದು ಅವರು ಪತ್ರಿಕೆ ತೆಗೆದರು. ನಾನು ಉಗುರಿನಿಂದ ಅರಿಶಿನ ಕೆರೆದೆ, ಅದರ ಕೆಳಗಿನ ವೈಟ್ನರನ್ನೂ ಕೆರೆದೆ. ಅರ್ಧಂಬರ್ಧ ಅಕ್ಷರಗಳು ಹೊರಬಂದವು. ಅವರು ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು.

“ಎಂ.ಎಸ್ಸಿ. ಅಂದ್ರೆ ಏನು ಓದಿದ್ದೀಯಮ್ಮ?”

“ಗಿಡ ಮರ ಸಾರ್.”

“ಗಿಡ ಮರ ಓದ್ಕೊಂಡು ವೈರು ಕಟ್ತಿದ್ದೀಯಾ.”

ಬೈಯುತ್ತಿದ್ದಾರೋ ಕೇಳುತ್ತಿದ್ದಾರೋ ಗೊತ್ತಾಗಲಿಲ್ಲ. “ಬಿಟ್ಟು ಹೋಗಲ್ಲ ಸಾರ್” ಎಂದೆ. ಹೇಳಿದ ಮೇಲೆ, ನಾಳೆಯೇ ಕಾಲೇಜಿನವರು ಕರೆದರೆ ಹೋಗುತ್ತೇನಲ್ಲ ಎಂದು ನೆನಪಾಯಿತು. “ಹೋದ್ರೂ ಹೇಳಿ ಹೋಗ್ತೀನಿ” ಎಂದು ಸೇರಿಸಿದೆ.

ಅವರು ಪತ್ರಿಕೆಯನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡರು. “ನನ್ನ ಮಗಳೂ ಎಂ.ಎ. ಮಾಡವ್ಳೆ. ಮಾಲೂರಲ್ಲಿ ಬಟ್ಟೆ ಅಂಗಡೀಲವ್ಳೆ. ಅಲ್ಲಿ ಏನು ಓದಿದ್ದೀನಿ ಅಂತ ಹೇಳವ್ಳೋ ನಾನು ಕೇಳಿಲ್ಲ. ಕೇಳೋಕೆ ನಂಗೆ ಧೈರ್ಯ ಇಲ್ಲ.” ಪೆನ್ನು ಎತ್ತಿಕೊಂಡು ಪಟ್ಟಿಯ ಕಡೆ ತಿರುಗಿದರು. “ನಿನ್ನ ಹಲಗೆ ಕಾಯ್ತದೆ, ಹೋಗು. ಮದ್ವೆಗೆ ಬರ್ತೀನಿ, ನಿಮ್ಮಣ್ಣನ ಮದ್ವೆಗೆ.”

ಮಾರನೆಯ ವಾರ ಅಂಟಿಸಿದ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಮುಂದೆ ಪಿ.ಯು.ಸಿ. ಎಂದಿತ್ತು. ಶಾಹೀನಳ ಹೆಸರೂ ಹಾಗೇ ಇತ್ತು. ಅವಳು ನನ್ನ ಬೆನ್ನಿಗೆ ಗುದ್ದಿದ ಗುದ್ದಿಗೆ ಎರಡು ದಿನ ನೋವಿತ್ತು.

ಮದುವೆಗೆ ಮುನಿರಾಜು ಅವರು ಹೇಳಿದಂತೆಯೇ ಬಂದರು. ಊಟಕ್ಕೆ ಕೂತಾಗ ಅಮ್ಮ ತಾನೇ ಒಬ್ಬಟ್ಟು ಹಿಡಿದುಕೊಂಡು ಬಂದು ಅವರ ಎಲೆಯ ಮುಂದೆ ನಿಂತಳು. ನಾನು ಪಕ್ಕದಲ್ಲೇ ನೀರು ಬಡಿಸುತ್ತಿದ್ದೆ. ಅಮ್ಮ ಕೇಳಿದಳು: “ನಮ್ಮ ಹುಡುಗಿ ಎಂ.ಎಸ್ಸಿ. ಸಾರ್. ನಿಮ್ಮ ಲ್ಯಾಬಲ್ಲಿ ಹೆಂಗೆ ಕೆಲ್ಸ ಮಾಡ್ತಾಳೆ?” ಅಷ್ಟು ದಿನ ಕಾಪಾಡಿಕೊಂಡ ಸುಳ್ಳು ಅಮ್ಮನ ಎದುರೇ ಬಯಲಾಗುವುದೆಂಬ ಗಾಬರಿಯಲ್ಲಿ ಯಾರದೋ ಎಲೆಯ ಪಾಯಸಕ್ಕೆ ನೀರು ಬಡಿಸಿದೆ. ಮುನಿರಾಜು ಅವರು ನನ್ನತ್ತ ಒಮ್ಮೆ ನೋಡಿದರು. ಆಮೇಲೆ ಅಮ್ಮನಿಗೆ ಹೇಳಿದರು: “ಟೆಸ್ಟಿಂಗಲ್ಲಿ ನಿಮ್ಮ ಮಗಳಷ್ಟು ಗಟ್ಟಿ ಇನ್ನೊಬ್ರಿಲ್ಲಮ್ಮ. ಅವಳ ಕೈಯಿಂದ ಹೋದದ್ದು ಇವತ್ತಿನವರೆಗೆ ವಾಪಸ್ ಬಂದಿಲ್ಲ.” ಅಮ್ಮ ಅವರ ಎಲೆಗೆ ಇನ್ನೆರಡು ಒಬ್ಬಟ್ಟು ಹಾಕಿ, ಮೇಲೆ ತುಪ್ಪ ಸುರಿದಳು.

ಮರುದಿನ ಬೆಳಿಗ್ಗೆ ಚಪ್ಪರದವರು ಬಿಚ್ಚಿಹಾಕಿದ ತೋರಣದ ದಾರ, ಹೂವಿನ ನಾರು, ಬಣ್ಣದ ರಿಬ್ಬನ್ನುಗಳು ಅಂಗಳದಲ್ಲಿ ರಾಶಿ ಬಿದ್ದಿದ್ದವು. ಅಮ್ಮ ಜಗಲಿಯಲ್ಲಿ ಕೂತು ಗಂಟು ಬಿಡಿಸುತ್ತಿದ್ದಳು. ನಾನೂ ಹೋಗಿ ಕೂತೆ.

“ಆ ಮುನಿರಾಜು ಒಳ್ಳೆ ಮನುಷ್ಯ” ಎಂದಳು ಅಮ್ಮ. “ಸುಳ್ಳೂ ಹೇಳ್ಲಿಲ್ಲ, ನಿನ್ನ ಬಿಟ್ಟೂ ಕೊಡ್ಲಿಲ್ಲ.”

ನಾನು ದಾರ ಕೆಳಗಿಟ್ಟೆ. ಅಮ್ಮ ತಲೆಯೆತ್ತಲಿಲ್ಲ. ನಮ್ಮ ಗಡಿಸೀಮೆಯ ಮನೆಗಳಲ್ಲಿ ಕನ್ನಡದ ನಡುವೆ ಬರುವ ತೆಲುಗಿನಲ್ಲಿ, “ನಾಕು ತೆಲುಸುಲೇ” ಎಂದಳು. ನಂಗೆ ಗೊತ್ತು ಬಿಡು ಎಂದು. “ನಮ್ಮೂರಿಂದ ನಾಲ್ಕು ಹುಡುಗೀರು ನಿಮ್ಮ ಕಾರ್ಖಾನೆ ಬಸ್ಸಲ್ಲೇ ಬರ್ತಾರೆ. ಅವರ ಅಮ್ಮಂದಿರು ನನ್ನ ಹಿಂದೇನೇ ಡೇರಿ ಸಾಲಲ್ಲಿ ನಿಂತ್ಕೊಂತಾರೆ. ಮೊದಲನೇ ವಾರವೇ ಗೊತ್ತಾಯ್ತು.”

“ಮತ್ತೆ ಎಲ್ರಿಗೂ ಲ್ಯಾಬು ಅಂತಿದ್ದೆ?”

“ನೀನು ಹಂಗೇ ಅಂದಿದ್ದಲ್ಲ. ನೀನು ಅಂದದ್ದನ್ನ ನಾನು ಇಲ್ಲ ಅನ್ಲಾ?”

ಡೇರಿಯ ಆ ಸಾಲಿನಲ್ಲಿ ಅಮ್ಮ, ನಿಜ ಗೊತ್ತಿದ್ದವರ ಎದುರೇ, ಅಷ್ಟು ತಿಂಗಳು ನನ್ನ ಸುಳ್ಳನ್ನು ನನ್ನ ಪರವಾಗಿ ಹೇಳುತ್ತಾ ನಿಂತಿದ್ದಳು. ನಾಚಿಕೆಯಿಂದ ನಾನು ಸತ್ತುಹೋದೆ. ಇಷ್ಟು ದಿನ ಅವಳಿಗೆ ನೋವಾಗಬಾರದೆಂದು ನಾನೊಬ್ಬಳೇ ಹೊರೆ ಹೊತ್ತಿದ್ದೇನೆ ಎಂದುಕೊಂಡಿದ್ದೆ.

“ಈಗ ಹೇಳು” ಎಂದಳು ಅಮ್ಮ. “ಅಲ್ಲಿ ನಿಜವಾಗ್ಲೂ ಏನು ಮಾಡ್ತೀಯಾ?”

ಆ ರಾಶಿಯಿಂದಲೇ ಕೆಂಪು, ಹಸಿರು, ಹಳದಿ ರಿಬ್ಬನ್ನುಗಳನ್ನು ಆರಿಸಿಕೊಂಡೆ. ಜಗಲಿಯ ಮೇಲೆ ಮಾವಿನ ಕಡ್ಡಿಗಳನ್ನಿಟ್ಟು, ಇದು ಮೊಳೆ ಎಂದುಕೋ ಎಂದೆ. ಯಾವ ಬಣ್ಣ ಎಲ್ಲಿಂದ ಹೊರಟು ಎಲ್ಲಿ ತಿರುಗಬೇಕು, ಯಾವುದರ ಮೇಲೆ ಯಾವುದು ಬರಬಾರದು, ಕಣ್ಣು ಮಿಟುಕಿಸುವಷ್ಟರಲ್ಲಿ ಹೇಗೆ ಟೇಪು ಸುತ್ತಬೇಕು, ಒಂದು ತುದಿ ತಪ್ಪಿದರೆ ರಸ್ತೆಯಲ್ಲಿ ಹೋಗುವ ಗಾಡಿಯ ದೀಪ ಹೇಗೆ ಆರಿಹೋಗುತ್ತದೆ, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಉತ್ಸಾಹ ಬಂತು. ಅಮ್ಮ ನಡುನಡುವೆ ಪ್ರಶ್ನೆ ಕೇಳಿದಳು. ತಾನೂ ಒಮ್ಮೆ ಸುತ್ತಿ ನೋಡಿದಳು. ಮೂರನೇ ಕಡ್ಡಿಯ ಹತ್ತಿರ ಹಸಿರು ಹಳದಿ ಎರಡೂ ಗೋಜಲಾಗಿ ಕೂತವು. ಬಿಡಿಸಿ ಮತ್ತೆ ಮಾಡಿದಳು, ಮತ್ತೆ ಗೋಜಲಾಯಿತು.

ಅಮ್ಮ ಅದನ್ನು ನನ್ನ ಮಡಿಲಿಗೆ ಹಾಕಿ, ಸೀರೆ ಕೊಡವಿಕೊಂಡು ಹಸುಗಳಿಗೆ ಹುಲ್ಲು ಹಾಕಲು ಎದ್ದಳು. ಹೋಗುತ್ತಾ ಹೇಳಿದಳು:

“ಇದೇನು ಸುಲಭದ ಕೆಲ್ಸವೇನೇ? ಓದಿರೋರೇ ಮಾಡ್ಬೇಕು, ಬಿಡು.”